ಮನೆಬಾಗಿಲಿಗೆ ಈಗಾಗಲೇ ಬರುವವರನ್ನು ಜೋಡಿಸುವುದು: ಒಂಟಿ ಹಿರಿಯರಿಗಾಗಿ ಊರಿನ ಸಹಭಾಗಿತ್ವ ಕಟ್ಟುವ ಸಮಗ್ರ ಮಾರ್ಗದರ್ಶಿ

ಉಡುಪಿ ಜಿಲ್ಲೆಯ ಯಾವುದೇ ಗ್ರಾಮದ ಒಳರಸ್ತೆಯಲ್ಲಿ ಅರ್ಧ ಗಂಟೆ ನಡೆಯಿರಿ, ಅಂಥದ್ದೊಂದು ಮನೆ ಸಿಕ್ಕೇ ಸಿಗುತ್ತದೆ. ದೊಡ್ಡ ಗೇಟು, ಗುಡಿಸಿದ ಅಂಗಳ, ಮೇಲಿನ ಮಹಡಿಯ ಕಿಟಕಿಗಳೆಲ್ಲ ಮುಚ್ಚಿವೆ, ಒಳಗೆ ಒಬ್ಬರೇ ಅಜ್ಜಿ. ಮಗ ಮುಂಬೈಯಲ್ಲಿ, ಮಗಳು ದುಬೈಯಲ್ಲಿ. ಹಣಕ್ಕೆ ಹೆಚ್ಚಿನ ಕಡೆ ತೊಂದರೆಯಿಲ್ಲ. ಬಚ್ಚಲಲ್ಲಿ ಜಾರಿ ಬಿದ್ದರೆ ಯಾರಿಗೆ, ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ ಎಂಬುದೇ ತೊಂದರೆ.

ಈ ಕೆಲಸಕ್ಕೆ ಇಳಿಯುವ ಸಂಸ್ಥೆಗಳು ಸಾಮಾನ್ಯವಾಗಿ ಮೊದಲು ಹಣ ಹುಡುಕುತ್ತವೆ, ಆಮೇಲೆ ಸಿಬ್ಬಂದಿ, ಕೊನೆಗೆ ಊರಿನವರು. ಈ ಕ್ರಮ ತಲೆಕೆಳಗು. ಕರಾವಳಿಯಲ್ಲಿ ಮನೆಬಾಗಿಲಿನ ಓಡಾಟ ಹೊಸದೇನಲ್ಲ. 1928ರಲ್ಲಿ ಉಡುಪಿಯಲ್ಲಿ ಆರಂಭವಾದ ಪಿಗ್ಮಿ ಠೇವಣಿ ನಡೆದದ್ದೇ ದಿನವೂ ಅಂಗಡಿ-ಮನೆಗೆ ಹೋಗುವ ಏಜೆಂಟರ ಕಾಲ ಮೇಲೆ. ಒಂದು ಮನೆಯ ಬಾಗಿಲಿಗೆ ಈಗಾಗಲೇ ಯಾರು ಬರುತ್ತಾರೋ ಅವರನ್ನು ಜೋಡಿಸುವುದೇ ಇಲ್ಲಿ ಹೇಳುವ ವಿಧಾನದ ತಿರುಳು. ಉದಾಹರಣೆಗೆ ಒಂದು ಗ್ರಾಮ ಪಂಚಾಯತ್, 60 ಮಂದಿ ಒಂಟಿ ಹಿರಿಯರು, 12 ಸ್ವಯಂಸೇವಕರು ಎಂಬ ಲೆಕ್ಕ ಇಟ್ಟುಕೊಳ್ಳೋಣ. ಇದಕ್ಕಿಂತ ದೊಡ್ಡದಾಗಿ ಮೊದಲ ವರ್ಷ ಶುರು ಮಾಡಬೇಡಿ.

ಸಮಸ್ಯೆಯನ್ನು ಒಂದೇ ವಾಕ್ಯಕ್ಕೆ ಇಳಿಸಿ

‘ಹಿರಿಯ ನಾಗರಿಕರ ಕಲ್ಯಾಣ’ ಎಂದು ಬರೆದರೆ ಎಲ್ಲರೂ ತಲೆಯಾಡಿಸುತ್ತಾರೆ, ಯಾರೂ ಏನೂ ಮಾಡುವುದಿಲ್ಲ. ‘ನಮ್ಮ ಪಂಚಾಯತ್‌ನಲ್ಲಿ ಒಬ್ಬರೇ ಇರುವ ಹಿರಿಯರು ಬಿದ್ದರೆ ಅಥವಾ ಮಾತ್ರೆ ಮುಗಿದರೆ 24 ಗಂಟೆಯೊಳಗೆ ಯಾರಾದರೊಬ್ಬರಿಗೆ ಗೊತ್ತಾಗಬೇಕು’ ಎಂದು ಬರೆಯಿರಿ. ಈ ವಾಕ್ಯಕ್ಕೆ ಅಳತೆಯಿದೆ, ಜಾಗವಿದೆ, ಹೊತ್ತಿದೆ. ಹಾಲಿನ ಡಿಪೋದವರಿಗೂ ಅರ್ಥವಾಗುತ್ತದೆ, ಕಂಪನಿಯ ಸಿಎಸ್‌ಆರ್ (ಸಾಮಾಜಿಕ ಹೊಣೆಯ ಹಣ ನೋಡಿಕೊಳ್ಳುವ) ಅಧಿಕಾರಿಗೂ ಅರ್ಥವಾಗುತ್ತದೆ.

ಯಾರು ‘ಒಂಟಿ’ ಎಂಬುದನ್ನೂ ಆಗಲೇ ತೀರ್ಮಾನಿಸಿ. ವಯಸ್ಸಾದ ಗಂಡ-ಹೆಂಡತಿ ಇಬ್ಬರೇ ಇರುವ ಮನೆ ಸೇರುತ್ತದೆಯೇ? ಹಗಲಿಡೀ ಒಬ್ಬರೇ, ರಾತ್ರಿ ಸೊಸೆ ಕೆಲಸದಿಂದ ಬರುವ ಮನೆ? ಮಾನಸಿಕ ಅಸ್ವಸ್ಥ ಮಗನ ಜೊತೆ ಇರುವ ಅಮ್ಮ? ಮೂರನೆಯದನ್ನು ಖಂಡಿತ ಸೇರಿಸಿ. ಪಟ್ಟಿಗಳಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವುದೂ ಅದೇ, ಏಕೆಂದರೆ ಪಡಿತರ ಚೀಟಿಯಲ್ಲಿ ಇಬ್ಬರ ಹೆಸರಿರುತ್ತದೆ.

ನಡೆದು ನೋಡಿ: ಬಾಗಿಲಿಗೆ ಯಾರು ಬರುತ್ತಾರೆ

ಇಬ್ಬಿಬ್ಬರ ಜೋಡಿ ಮಾಡಿ, ವಾರ್ಡಿಗೆ ಎರಡು ದಿನದಂತೆ ನಡೆಯಿರಿ. ಬೈಕಿನಲ್ಲಿ ಹೋದರೆ ತೋಟದೊಳಗಿನ ಮನೆ ತಪ್ಪುತ್ತದೆ. ಕೈಯಲ್ಲಿ ಉದ್ದದ ಪ್ರಶ್ನಾವಳಿ ಬೇಡ, ಒಂದೇ ಪ್ರಶ್ನೆ ಸಾಕು: ‘ಈ ವಾರ ನಿಮ್ಮ ಮನೆಗೆ ಯಾರೆಲ್ಲ ಬಂದರು?’ ಉತ್ತರವನ್ನು ಅವರ ಮಾತಿನಲ್ಲೇ ಬರೆದುಕೊಳ್ಳಿ.

ಬರುವ ಉತ್ತರಗಳು ಹೆಚ್ಚು ಕಡಿಮೆ ಹೀಗಿರುತ್ತವೆ. ಹಾಲು ಉತ್ಪಾದಕರ ಸಂಘಕ್ಕೆ ಬೆಳಿಗ್ಗೆ ಹಾಲು ಒಯ್ಯುವಾಗ ಪಕ್ಕದ ಮನೆಯವಳು ಕೂಗಿ ಮಾತಾಡುತ್ತಾಳೆ. ಮೀನಿನ ಹೆಂಗಸು ವಾರಕ್ಕೆ ನಾಲ್ಕು ದಿನ ಬರುತ್ತಾಳೆ. ಸೊಸೈಟಿಯ ಪಿಗ್ಮಿಯವನು ದಿನಾ ಬರುತ್ತಾನೆ. ಅಂಚೆಯವರು ಪಿಂಚಣಿ ದಿನ ಬರುತ್ತಾರೆ. ಮೆಸ್ಕಾಂ ಮೀಟರ್ ರೀಡರ್ ತಿಂಗಳಿಗೊಮ್ಮೆ. ಆಶಾ ಕಾರ್ಯಕರ್ತೆ ಆಗೊಮ್ಮೆ ಈಗೊಮ್ಮೆ. ಸ್ವಸಹಾಯ ಸಂಘದ ವಾರದ ಸಭೆ ಪಕ್ಕದ ಜಗಲಿಯಲ್ಲೇ ನಡೆಯುತ್ತದೆ. ಬೀಡಿ ಕಟ್ಟುವ ಮನೆಯಾದರೆ ಅಜ್ಜಿ ತಾನೇ ಬೀಡಿ ಕಂಪನಿಯ ಬ್ರಾಂಚಿಗೆ ಹೋಗಿ ಎಲೆ-ಸೊಪ್ಪು ತರುತ್ತಾರೆ. ಒಂದು ದಿನ ಹೋಗದಿದ್ದರೆ ಮೊದಲು ಗಮನಿಸುವವರು ಬ್ರಾಂಚಿನವರೇ.

ಇದನ್ನೆಲ್ಲ ಒಂದು ದೊಡ್ಡ ಕಾಗದದಲ್ಲಿ ವಾರ್ಡಿನ ನಕ್ಷೆ ಬಿಡಿಸಿ ಗುರುತು ಹಾಕಿ. ದಿನಾ ಬರುವವರಿಗೆ ಒಂದು ಬಣ್ಣ, ವಾರಕ್ಕೊಮ್ಮೆಗೆ ಇನ್ನೊಂದು, ತಿಂಗಳಿಗೊಮ್ಮೆಗೆ ಮತ್ತೊಂದು. ಯಾವ ಬಣ್ಣವೂ ಬೀಳದ ಮನೆಗಳು ಏಳೆಂಟು ಉಳಿಯುತ್ತವೆ. ಸ್ವಯಂಸೇವಕರು ಮೊದಲು ಹೋಗಬೇಕಾದದ್ದು ಅಲ್ಲಿಗೆ. ಉಳಿದ ಮನೆಗಳಲ್ಲಿ ಅರ್ಧ ಕೆಲಸ ಆಗಲೇ ನಡೆಯುತ್ತಿದೆ, ನೀವು ಅದಕ್ಕೊಂದು ಫೋನ್ ನಂಬರ್ ಕೊಟ್ಟರೆ ಸಾಕು.

ಮೀನಿನ ಹೆಂಗಸಿಗೆ ಸಭೆ, ಬ್ಯಾಡ್ಜು, ತರಬೇತಿ ಎಂದೆಲ್ಲ ಹೇಳಬೇಡಿ. ಅವಳ ಹೊತ್ತು ಮೀನು ಹಾಳಾಗುವ ಹೊತ್ತು. ‘ಗೇಟಿನಲ್ಲಿ ಕೂಗಿದಾಗ ಅಜ್ಜಿ ಹೊರಗೆ ಬರದಿದ್ದರೆ ಈ ನಂಬರಿಗೆ ಒಂದು ಮಿಸ್ಡ್ ಕಾಲ್ ಕೊಡಿ’ ಇಷ್ಟೇ ಕೇಳಿ. ಯಾರಿಂದಲೂ ಅವರು ಈಗ ಮಾಡುತ್ತಿರುವುದಕ್ಕಿಂತ ಎರಡು ನಿಮಿಷ ಹೆಚ್ಚು ಕೇಳಬೇಡಿ. ಸಹಭಾಗಿತ್ವಗಳು ಮುರಿಯುವುದು ಹೆಚ್ಚಾಗಿ ಜಗಳದಿಂದಲ್ಲ, ಈ ಎರಡು ನಿಮಿಷ ಅರ್ಧ ದಿನವಾದಾಗ.

ತಿಂಗಳು ನೋಡಿ ಹೆಜ್ಜೆ ಇಡಿ

ಮೇ ಕೊನೆಯ ಪತ್ತನಾಜೆಯವರೆಗೆ (ಜಾತ್ರೆ-ಕೋಲಗಳ ಋತು ಮುಗಿಯುವ ದಿನ) ಕೋಲ, ನೇಮ, ಜಾತ್ರೆ, ಯಕ್ಷಗಾನ ಇದ್ದೇ ಇರುತ್ತವೆ. ದೇವಸ್ಥಾನದ ಸಮಿತಿಯವರು, ಯುವಕ ಮಂಡಲದವರು ಆಗ ಸಿಗುವುದಿಲ್ಲ, ಸಿಕ್ಕರೂ ಮನಸ್ಸು ಅಲ್ಲಿರುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆ, ಗಂಗೊಳ್ಳಿ ಕಡೆಯ ಮೀನುಗಾರರು ಮನೆಯಲ್ಲಿರುತ್ತಾರೆ, ಅವರ ಮುಖಂಡರಾದ ಗುರಿಕಾರರನ್ನು ಕೂರಿಸಿ ಮಾತಾಡಲು ಅದೇ ಸಮಯ. ಆಟಿ ತಿಂಗಳಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ತುಳು ತಿಂಗಳು) ಶುಭಕಾರ್ಯಗಳಿಲ್ಲ, ಸಭಾಭವನ ಖಾಲಿ, ಸಭೆಗೆ ಒಳ್ಳೆಯದು. ಆದರೆ ಮಳೆ ಜೋರಾದ ದಿನ ವಯಸ್ಸಾದವರನ್ನು ಸಭೆಗೆ ಕರೆಯಬೇಡಿ, ನೀವೇ ಹೋಗಿ.

ಈ ಲೆಕ್ಕದಲ್ಲಿ ಜೂನ್-ಜುಲೈಯಲ್ಲಿ ಸಮೀಕ್ಷೆ, ಆಗಸ್ಟ್‌ನಲ್ಲಿ ಒಡಂಬಡಿಕೆ, ಸೆಪ್ಟೆಂಬರ್‌ನಲ್ಲಿ ತರಬೇತಿ, ಜೊತೆಗೇ ಮನೆಭೇಟಿ. ಅಕ್ಟೋಬರ್ 2ರಿಂದ ಗ್ರಾಮ ಪಂಚಾಯತ್ ಅಭಿವೃದ್ಧಿ ಯೋಜನೆಯ ಜನಯೋಜನೆ ಅಭಿಯಾನ ಶುರುವಾಗುವ ಹೊತ್ತಿಗೆ ನಿಮ್ಮ ಕೈಯಲ್ಲಿ ಒಂದು ತಿಂಗಳ ಕೆಲಸದ ಅಂಕಿ ಇರಬೇಕು. ಆ ಅಂಕಿ ಹಿಡಿದು ಗ್ರಾಮ ಸಭೆಗೆ ಹೋದರೆ ಮಾತಿಗೆ ತೂಕ ಬರುತ್ತದೆ. ಮಾರ್ಚ್ ತಿಂಗಳಲ್ಲಿ ಯಾವ ಇಲಾಖೆಯಲ್ಲೂ ಹೊಸ ವಿಷಯ ಎತ್ತಬೇಡಿ, ಎಲ್ಲರೂ ಬಿಲ್ಲಿನ ಹಿಂದೆ ಓಡುತ್ತಿರುತ್ತಾರೆ.

ಪಂಚಾಯತ್: ಬಾಯಿಮಾತು ಸಾಲದು

ಅಧ್ಯಕ್ಷರು ‘ಆಯ್ತು, ಮಾಡುವ’ ಎಂದರೆ ಅದು ಒಪ್ಪಿಗೆ ಅಲ್ಲ, ಸೌಜನ್ಯ. ಒಪ್ಪಿಗೆ ಎಂದರೆ ಸಾಮಾನ್ಯ ಸಭೆಯ ನಿರ್ಣಯ. ಅದಕ್ಕೆ ಹೀಗೆ ಹೋಗಿ.

ಮೊದಲು ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಅವರನ್ನು ಭೇಟಿಯಾಗಿ, ಒಂದು ಪುಟದ ಮನವಿ ಕೊಟ್ಟು, ಸ್ವೀಕೃತಿ ಸಂಖ್ಯೆ ಹಾಕಿಸಿಕೊಳ್ಳಿ. ಮನವಿಯಲ್ಲಿ ಹಣ ಕೇಳಬೇಡಿ. ಕೇಳಬೇಕಾದದ್ದು ಮೂರೇ: ತಿಂಗಳಿಗೊಂದು ದಿನ ಪಂಚಾಯತ್ ಸಭಾಂಗಣ, ಯೋಜನೆಯ ಸಂಪರ್ಕಕ್ಕೆ ಒಬ್ಬ ಸಿಬ್ಬಂದಿಯ ಹೆಸರು (ಹುದ್ದೆಯ ಹೆಸರು, ವ್ಯಕ್ತಿಯದ್ದಲ್ಲ), ಮತ್ತು ಸ್ವಯಂಸೇವಕರ ಗುರುತು ಚೀಟಿಗೆ ಪಂಚಾಯತ್ ಮೊಹರು. ಮೂರನೆಯದು ಸಣ್ಣದಾಗಿ ಕಾಣುತ್ತದೆ, ಆದರೆ ಅಪರಿಚಿತರಿಗೆ ಗೇಟು ತೆಗೆಯದ ಮನೆಗಳಲ್ಲಿ ಕೆಲಸ ನಡೆಯುವುದೇ ಅದರಿಂದ.

ನಂತರ ಆಯಾ ವಾರ್ಡಿನ ಸದಸ್ಯರನ್ನು ಪ್ರತ್ಯೇಕವಾಗಿ ಕಾಣಿರಿ, ಎಲ್ಲ ಪಕ್ಷದವರನ್ನೂ, ಒಂದೇ ವಾರದಲ್ಲಿ. ಒಂದು ಪಕ್ಷದವರನ್ನು ಮೊದಲ ವಾರ, ಇನ್ನೊಂದು ಪಕ್ಷದವರನ್ನು ಮೂರನೆಯ ವಾರ ಕಂಡರೆ ಅದೇ ಸುದ್ದಿಯಾಗುತ್ತದೆ. ವಿಷಯ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಬಂದಿದೆಯೇ ಎಂದು ಸಭೆಗೆ ಮೊದಲೇ ಖಾತ್ರಿ ಮಾಡಿಕೊಳ್ಳಿ. ಸಭೆಯಾದ ಮೇಲೆ ನಿರ್ಣಯದ ದೃಢೀಕೃತ ಪ್ರತಿ ತೆಗೆದುಕೊಳ್ಳಿ. ಅದೊಂದು ಕಾಗದ ಆರೋಗ್ಯ ಇಲಾಖೆಯಲ್ಲಿ, ಪೊಲೀಸ್ ಠಾಣೆಯಲ್ಲಿ, ಕಂಪನಿಯ ಕಚೇರಿಯಲ್ಲಿ ಹತ್ತು ಸಲ ಬೇಕಾಗುತ್ತದೆ.

ಪಿಡಿಒ ವರ್ಗವಾಗುತ್ತಾರೆ. ಅಧ್ಯಕ್ಷ ಸ್ಥಾನ 30 ತಿಂಗಳಿಗೆ ಬದಲಾಗುತ್ತದೆ. ಪಂಚಾಯತ್ ಅವಧಿ ಮುಗಿದರೆ ಆಡಳಿತಾಧಿಕಾರಿ ಬರುತ್ತಾರೆ. ಪ್ರತಿ ಬದಲಾವಣೆಯಾದ ಹದಿನೈದು ದಿನದೊಳಗೆ ನಿರ್ಣಯದ ಪ್ರತಿ ಹಿಡಿದು ಹೊಸಬರ ಎದುರು ಕೂರುವುದು ಯೋಜನೆಯ ಸಂಯೋಜಕರ ಕೆಲಸದ ಪಟ್ಟಿಯಲ್ಲೇ ಇರಲಿ. ಚುನಾವಣಾ ನೀತಿಸಂಹಿತೆ ಜಾರಿಯಾದರೆ ಸಭೆ-ಸಮಾರಂಭ ನಿಲ್ಲಿಸಿ, ಮನೆಭೇಟಿ ಮುಂದುವರಿಸಿ. ಆ ದಿನಗಳಲ್ಲಿ ಸ್ವಯಂಸೇವಕರ ಚೀಲದಲ್ಲಿ ಯಾರ ಕರಪತ್ರವೂ ಇರಬಾರದು.

ಆರೋಗ್ಯ ಕೇಂದ್ರ ಮತ್ತು ಕಾಲೇಜುಗಳು

ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ನಿಮ್ಮಿಂದ ಬೇಕಾದದ್ದು ಉಪನ್ಯಾಸ ಅಲ್ಲ, ಹೊರೆ ಕಡಿಮೆಯಾಗುವ ದಾರಿ. ‘ರಕ್ತದೊತ್ತಡ, ಮಧುಮೇಹದ ಮಾತ್ರೆಗೆ ಬರಲಾಗದ ಹಿರಿಯರ ಪಟ್ಟಿ ನಾವು ಕೊಡುತ್ತೇವೆ, ತಿಂಗಳ ಮಾತ್ರೆಯನ್ನು ಸಹಿ ಹಾಕಿ ಒಯ್ಯಲು ಯಾರಿಗೆ ಅನುಮತಿ ಕೊಡುತ್ತೀರಿ?’ ಎಂದು ಕೇಳಿ. ಅನುಮತಿ ಲಿಖಿತವಾಗಿರಲಿ, ಅದರ ಪ್ರತಿ ತಾಲೂಕು ಆರೋಗ್ಯಾಧಿಕಾರಿಗೂ ಹೋಗಲಿ.

ಆಶಾ ಕಾರ್ಯಕರ್ತೆಗೆ ಸುಮಾರು ಸಾವಿರ ಜನಸಂಖ್ಯೆಯ ಹೊಣೆ ಇರುತ್ತದೆ, ಮೊಬೈಲಿನಲ್ಲಿ ತುಂಬುವ ಅಂಕಿ-ಅಂಶ ಬೇರೆ. ‘ಹೇಗೂ ಹೋಗುತ್ತೀರಲ್ಲ’ ಎಂದು ನಿಮ್ಮ ರಿಜಿಸ್ಟರನ್ನೂ ಅವಳ ಕೈಗೆ ತುರುಕುವುದು ಈ ಕ್ಷೇತ್ರದ ಅತಿ ಹಳೆಯ ಕೆಟ್ಟ ಚಾಳಿ. ಅವಳಿಂದ ಮಾಹಿತಿ ಪಡೆಯಿರಿ, ಬರವಣಿಗೆ ನಿಮ್ಮದಿರಲಿ.

ಕಾಲೇಜುಗಳ ವಿಷಯದಲ್ಲಿ ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆ ಶ್ರೀಮಂತ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜು 1953ರಿಂದ ಇದೆ, ಮಂಗಳೂರಿನ ರೋಶನಿ ನಿಲಯ ಸಮಾಜಕಾರ್ಯ ಕಾಲೇಜು 1960ರಿಂದ. ನರ್ಸಿಂಗ್ ಕಾಲೇಜುಗಳಂತೂ ಲೆಕ್ಕವಿಲ್ಲ. ಸಮಾಜಕಾರ್ಯದ ವಿದ್ಯಾರ್ಥಿಗಳಿಗೆ ಕ್ಷೇತ್ರಕಾರ್ಯ ಪಾಠದ ಭಾಗವೇ ಆಗಿರುವುದರಿಂದ ಅವರು ಶ್ರದ್ಧೆಯಿಂದ ಬರುತ್ತಾರೆ. ಪರೀಕ್ಷೆ ಬಂದಾಗ ಅಷ್ಟೇ ಶ್ರದ್ಧೆಯಿಂದ ಮಾಯವಾಗುತ್ತಾರೆ. ಹಾಗಾಗಿ ವಾರದ ಮನೆಭೇಟಿಯನ್ನು ವಿದ್ಯಾರ್ಥಿಗಳ ಮೇಲೆ ನಿಲ್ಲಿಸಬೇಡಿ. ಅಜ್ಜಿಗೆ ಒಂದು ಮುಖ ಅಭ್ಯಾಸವಾಗಿ, ಅದು ಏಪ್ರಿಲ್‌ನಲ್ಲಿ ಬರುವುದು ನಿಂತರೆ, ಏನೂ ಇಲ್ಲದಿದ್ದುದಕ್ಕಿಂತ ಹೆಚ್ಚು ನೋವು. ವಿದ್ಯಾರ್ಥಿಗಳಿಗೆ ಸಮೀಕ್ಷೆ, ವರ್ಷಕ್ಕೆರಡು ಆರೋಗ್ಯ ತಪಾಸಣೆ, ಸ್ವಯಂಸೇವಕರ ತರಬೇತಿ ಕೊಡಿ. ಭೇಟಿ ಊರಿನವರದ್ದೇ ಆಗಿರಲಿ.

ದೇವಸ್ಥಾನ, ಇಗರ್ಜಿ, ಮಸೀದಿ

ಕರಾವಳಿಯಲ್ಲಿ ಜನ ಸೇರುವುದು ಇಲ್ಲೇ. ಭಜನಾ ಮಂದಿರ, ಗರೋಡಿ, ಇಗರ್ಜಿಯ ವಾಳೆ (ಇಗರ್ಜಿ ವ್ಯಾಪ್ತಿಯ ವಾರ್ಡು), ಜಮಾತ್ ಸಮಿತಿ ಇವುಗಳಿಗೆ ಯಾವ ಮನೆಯಲ್ಲಿ ಯಾರಿಗೆ ಹುಷಾರಿಲ್ಲ ಎಂಬುದು ನಿಮಗಿಂತ ಮೊದಲು ಗೊತ್ತಾಗುತ್ತದೆ. ಇಗರ್ಜಿಯ ಪ್ರತಿ ವಾಳೆಗೆ ಗುರ್ಕಾರ್ ಇರುತ್ತಾರೆ, ಮೀನುಗಾರ ಮೊಗವೀರರ ಗ್ರಾಮಸಭೆಗೆ (ಸಮುದಾಯದ ಕೂಟ) ಗುರಿಕಾರರು. ಪದವೂ ಹೆಚ್ಚು ಕಡಿಮೆ ಒಂದೇ, ಕೆಲಸವೂ ಒಂದೇ: ಮನೆಮನೆಯ ಸುದ್ದಿ ಇಟ್ಟುಕೊಳ್ಳುವುದು. ಇವರು ಒಪ್ಪಿದರೆ ಸ್ವಯಂಸೇವಕರು ತಾವಾಗಿಯೇ ಸಿಗುತ್ತಾರೆ.

ಆದರೆ ನಮ್ಮ ಜಿಲ್ಲೆಗಳ ಗಾಳಿ ಎಲ್ಲರಿಗೂ ಗೊತ್ತು. ಒಂದು ಕೋಮು ಘಟನೆಯಾಗಿ ನಿಷೇಧಾಜ್ಞೆ ಬಿದ್ದರೆ, ನಿನ್ನೆಯವರೆಗೆ ಪಕ್ಕದಲ್ಲಿ ಕೂತವರು ಇಂದು ಫೋನ್ ಎತ್ತಲು ಹಿಂಜರಿಯುತ್ತಾರೆ. ಇದಕ್ಕೆ ಮೊದಲೇ ಕೆಲವು ಕಟ್ಟುನಿಟ್ಟು ಮಾಡಿಕೊಳ್ಳಿ. ಜಂಟಿ ಸಭೆ ಯಾವ ಪ್ರಾರ್ಥನಾಸ್ಥಳದ ಆವರಣದಲ್ಲೂ ಬೇಡ, ಸರಕಾರಿ ಶಾಲೆ ಅಥವಾ ಪಂಚಾಯತ್ ಸಭಾಂಗಣದಲ್ಲಿರಲಿ. ಹಿರಿಯರ ಪಟ್ಟಿಯಲ್ಲಿ ಜಾತಿ-ಧರ್ಮದ ಕಾಲಂ ಬೇಡವೇ ಬೇಡ. ಅಂಗಿ, ಟೋಪಿ, ಕೊರಳ ಪಟ್ಟಿಗೆ ಯಾವ ಸಂಘಟನೆಯ ಬಣ್ಣವೂ ಬೇಡ. ಸ್ವಯಂಸೇವಕರಿಗೆ ಮನೆ ಹಂಚುವಾಗ ಕೇವಲ ದೂರ ನೋಡಿ. ಹಾಗೆ ನೋಡಿದರೆ ಕೆಲವು ಮನೆಗಳಿಗೆ ಬೇರೆ ಸಮುದಾಯದವರು ಹೋಗುವುದು ತಾನಾಗಿಯೇ ಆಗುತ್ತದೆ. ಹಿರಿಯರು ಬೇಡ ಎಂದರೆ ಬದಲಿಸಿ, ಭಾಷಣ ಮಾಡಬೇಡಿ.

ಇನ್ನೊಂದು ಅಪಾಯ ಆಮಂತ್ರಣ ಪತ್ರಿಕೆ. ಯಾರ ಹೆಸರು ಮೇಲೆ, ಯಾರು ಅಧ್ಯಕ್ಷತೆ, ಯಾರು ‘ಗೌರವ ಉಪಸ್ಥಿತಿ’ ಎಂಬ ಲೆಕ್ಕದಲ್ಲಿ ಹುಟ್ಟುವ ಮೊದಲೇ ಸತ್ತ ಯೋಜನೆಗಳು ಇಲ್ಲಿ ಎಷ್ಟೋ. ಉದ್ಘಾಟನೆಯೇ ಬೇಡ. ಮಾಡಲೇಬೇಕಾದರೆ ಆರು ತಿಂಗಳ ಕೆಲಸವಾದ ಮೇಲೆ ಮಾಡಿ, ಹೆಸರುಗಳನ್ನು ಅಕಾರಾದಿಯಲ್ಲಿ ಹಾಕಿ, ಹಾಗೆಂದು ಪತ್ರಿಕೆಯಲ್ಲೇ ಮುದ್ರಿಸಿ. ಶಾಲು-ಫಲತಾಂಬೂಲದ ದುಡ್ಡಿಗೆ ಒಂದು ರಕ್ತದೊತ್ತಡ ಯಂತ್ರ ಬರುತ್ತದೆ.

ಎರಡು ಪುಟದ ಒಡಂಬಡಿಕೆ

ಹತ್ತು ಪುಟದ ಒಡಂಬಡಿಕೆಯನ್ನು ಯಾರೂ ಓದುವುದಿಲ್ಲ. ಎರಡು ಪುಟ, ಕನ್ನಡದಲ್ಲಿ. ಅದರಲ್ಲಿರಬೇಕಾದದ್ದು: ಆ ಒಂದೇ ವಾಕ್ಯದ ಗುರಿ, ಪ್ರತಿ ಪಾಲುದಾರರ ಕೆಲಸ ಒಂದೊಂದು ಸಾಲಿನಲ್ಲಿ, ಅವರ ಪರವಾಗಿ ಫೋನ್ ಎತ್ತುವವರು ಯಾರು, ಅವರು ಊರಲ್ಲಿಲ್ಲದಾಗ ಯಾರು, ಹಣ ಯಾರ ಖಾತೆಯಲ್ಲಿ, ಹಿರಿಯರ ಮಾಹಿತಿ ಯಾರ ಬಳಿ, ಬಿಟ್ಟುಹೋಗುವುದಾದರೆ 30 ದಿನದ ಲಿಖಿತ ಸೂಚನೆ. ‘ಪರಸ್ಪರ ಸಹಕಾರದಿಂದ’ ಎಂಬ ಪದ ಎಲ್ಲಾದರೂ ಬಂದಿದ್ದರೆ ಹೊಡೆದುಹಾಕಿ, ಯಾರ ಕೆಲಸವೂ ಅಲ್ಲದ್ದನ್ನು ಆ ಪದದೊಳಗೆ ಅಡಗಿಸಿರುತ್ತಾರೆ.

ಹಣ ಮುಟ್ಟುವ ಪಾಲುದಾರರ ಕಾಗದಪತ್ರ ನೋಡಲೇಬೇಕು. ಅನೇಕ ಮಹಿಳಾ ಮಂಡಲ, ಯುವಕ ಮಂಡಲಗಳು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಎಂದೋ ನೋಂದಣಿಯಾಗಿರುತ್ತವೆ. ಆದರೆ ವಾರ್ಷಿಕ ಲೆಕ್ಕಪತ್ರ, ಪದಾಧಿಕಾರಿಗಳ ಪಟ್ಟಿ ಸಲ್ಲಿಸದೆ ವರ್ಷಗಳಾಗಿರುತ್ತವೆ. ಅವರನ್ನು ದೂರ ಇಡಬೇಡಿ, ಕೆಲಸದ ಪಾಲುದಾರರಾಗಿ ಇಟ್ಟುಕೊಳ್ಳಿ, ಹಣ ಮಾತ್ರ ಅವರ ಮೂಲಕ ಹಾಯಿಸಬೇಡಿ. ವಿದೇಶಿ ದೇಣಿಗೆ ಇರುವ ಸಂಸ್ಥೆಯಾದರೆ ಇನ್ನೂ ಎಚ್ಚರ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ (ಎಫ್‌ಸಿಆರ್‌ಎ) 2020ರಲ್ಲಿ ಆದ ತಿದ್ದುಪಡಿಯ ನಂತರ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ಆ ಸಂಸ್ಥೆಗೆ ಎಫ್‌ಸಿಆರ್‌ಎ ನೋಂದಣಿ ಇದ್ದರೂ ಸಹ. ‘ನಮಗೆ ಗಲ್ಫ್‌ನಿಂದ ಬರುತ್ತದೆ, ನಿಮಗೆ ಅರ್ಧ ಕೊಡುತ್ತೇವೆ’ ಎಂಬ ಪ್ರೀತಿಯ ಮಾತಿಗೆ ಒಪ್ಪಿದರೆ ಇಬ್ಬರ ನೋಂದಣಿಗೂ ಕುತ್ತು.

ಹಣದ ಲೆಕ್ಕ

60 ಮನೆಗೆ ಒಂದು ಅಂದಾಜು. ಪೂರ್ಣಾವಧಿ ಸಂಯೋಜಕರಿಗೆ ತಿಂಗಳಿಗೆ 20,000 ರೂಪಾಯಿ. 12 ಸ್ವಯಂಸೇವಕರಿಗೆ ಓಡಾಟಕ್ಕೆ ತಲಾ 300ರಂತೆ 3,600, ಫೋನಿಗೆ ತಲಾ 200ರಂತೆ 2,400. ಸಭೆ, ಜೆರಾಕ್ಸ್‌ಗೆ 1,500. ಒಟ್ಟು ತಿಂಗಳಿಗೆ 27,500, ವರ್ಷಕ್ಕೆ 3,30,000. ಒಂದು ಸಲದ ಖರ್ಚು: ನಾಲ್ಕು ರಕ್ತದೊತ್ತಡ ಯಂತ್ರಕ್ಕೆ 8,000, ತರಬೇತಿಗೆ 12,000, ರಿಜಿಸ್ಟರ್ ಮತ್ತು ಚೀಟಿಗಳಿಗೆ 4,000. ಆಟೋ, ಔಷಧಿಯ ತುರ್ತಿಗೆ 20,000 ಬದಿಗಿಡಿ. ಮೊದಲ ವರ್ಷ ಒಟ್ಟು 3,74,000. ಇದರ ಹೊರತಾಗಿ ಎರಡು ತಿಂಗಳ ಖರ್ಚು, ಅಂದರೆ 55,000, ಕೈಯಲ್ಲಿಲ್ಲದೆ ಶುರು ಮಾಡಬೇಡಿ, ಏಕೆಂದರೆ ಮಂಜೂರಾದ ಹಣ ಹೇಳಿದ ದಿನ ಬರುವುದಿಲ್ಲ.

ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ದಾಟಿದ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟನ್ನು ಸಾಮಾಜಿಕ ಹೊಣೆಗೆ ಖರ್ಚು ಮಾಡಬೇಕು. ಬಂದರು, ಸಂಸ್ಕರಣಾಗಾರ, ಬ್ಯಾಂಕುಗಳ ಊರಿನಲ್ಲಿ ಕದ ತಟ್ಟಲು ಬಾಗಿಲುಗಳಿಗೇನೂ ಕಡಿಮೆಯಿಲ್ಲ. ತಟ್ಟುವ ಮೊದಲು ನಿಮ್ಮ ಸಂಸ್ಥೆಯ ಆದಾಯ ತೆರಿಗೆ ವಿನಾಯಿತಿ ನೋಂದಣಿಗಳ (12ಎಬಿ, 80ಜಿ) ಅವಧಿ ಮುಗಿದಿಲ್ಲವೇ ನೋಡಿ. ಇಂಥ ಹಣ ಪಡೆಯುವ ಸಂಸ್ಥೆಗಳಿಗೆ 2021ರ ಏಪ್ರಿಲ್‌ನಿಂದ ಸಿಎಸ್‌ಆರ್-1 ನೋಂದಣಿ ಕಡ್ಡಾಯ, ಮೂರು ವರ್ಷದ ಲೆಕ್ಕಪರಿಶೋಧನಾ ವರದಿಯನ್ನೂ ಕೇಳುವುದು ರೂಢಿ.

ಕಂಪನಿಯವರು ‘ಸಂಬಳಕ್ಕೆ ಕೊಡುವುದಿಲ್ಲ, ವಸ್ತು ಕೇಳಿ’ ಎನ್ನುತ್ತಾರೆ. ಆಡಳಿತ ವೆಚ್ಚಕ್ಕೆ ಶೇ. 5ರ ಮಿತಿ ಇರುವುದು ನಿಜ, ಆದರೆ ಅದು ಕಂಪನಿಯ ಸಿಎಸ್‌ಆರ್ ವಿಭಾಗದ ಸಾಮಾನ್ಯ ಆಡಳಿತಕ್ಕೆ. ಯೋಜನೆಯ ಜಾರಿಗೇ ನೇರವಾಗಿ ತಗಲುವ ಖರ್ಚು ಅದರಲ್ಲಿ ಸೇರುವುದಿಲ್ಲ. ಇದನ್ನು ವಿನಯದಿಂದ, ನಿಯಮದ ಪ್ರತಿ ಮುಂದಿಟ್ಟು ಹೇಳಿ. ಒಪ್ಪದಿದ್ದರೆ ಯಂತ್ರ, ತರಬೇತಿ ಅವರಿಂದ ಪಡೆದು ಸಂಯೋಜಕರ ಸಂಬಳಕ್ಕೆ ಊರಿನಿಂದ ಹೊರಗಿರುವ ಮಕ್ಕಳನ್ನು ಕೇಳಿ. ಮುಂಬೈಯ ಊರಿನವರ ಸಂಘಗಳು ದೇವಸ್ಥಾನದ ಬ್ರಹ್ಮಕಲಶಕ್ಕೆ ಕೊಡುವುದರ ಒಂದು ಚೂರು ಸಾಕು. ಆದರೆ ಹಣ ಕೊಟ್ಟವರ ಅಮ್ಮನಿಗೆ ಹೆಚ್ಚು ಭೇಟಿ, ಕೊಡದವರ ಅಮ್ಮನಿಗೆ ಕಡಿಮೆ ಎಂದಾಗಬಾರದು. ರಸೀದಿಯ ಹಿಂಬದಿಯಲ್ಲೇ ಅದನ್ನು ಅಚ್ಚು ಹಾಕಿಸಿ.

ಬಾಗಿಲ ಹಿಂದಿನ ಚೀಟಿ

ಇಡೀ ಯೋಜನೆ ಬಂದು ನಿಲ್ಲುವುದು ಒಂದು ಚೀಟಿಯ ಮೇಲೆ. ಎ4ರ ಅರ್ಧ ಗಾತ್ರ, ಬಿಳಿಯ ಮೇಲೆ ಕಪ್ಪು, ಅಕ್ಷರ ಕನಿಷ್ಠ 24 ಪಾಯಿಂಟ್. ಲ್ಯಾಮಿನೇಟ್ ಮಾಡಿಸದಿದ್ದರೆ ಜುಲೈಗೆ ಬೂಸ್ಟು ಹಿಡಿಯುತ್ತದೆ. ಮೊದಲ ಸಾಲಿನಲ್ಲಿ ಸ್ವಯಂಸೇವಕರ ಹೆಸರು-ನಂಬರು, ಎರಡನೆಯದರಲ್ಲಿ ಪಕ್ಕದ ಮನೆ, ಮೂರನೆಯದರಲ್ಲಿ ಊರಿನ ಒಬ್ಬ ಆಟೋ ಚಾಲಕ, ಕೆಳಗೆ 108, 112 ಮತ್ತು ಹಿರಿಯರ ಸಹಾಯವಾಣಿ 14567. ಇಷ್ಟೇ. ದಾನಿಗಳ ಲಾಂಛನ ಹಾಕಲು ಒತ್ತಡ ಬಂದೇ ಬರುತ್ತದೆ. ಹಾಕಿದರೆ ಅಕ್ಷರ ಚಿಕ್ಕದಾಗುತ್ತದೆ, ಆದ್ದರಿಂದ ಚೀಟಿಯ ಹಿಂಬದಿಗೆ ಹಾಕಿ.

ಎಲ್ಲಿ ಅಂಟಿಸುವುದು? ಹೆಚ್ಚಿನವರು ಫ್ರಿಜ್ಜಿಗೆ ಅಂಟಿಸುತ್ತಾರೆ. ಬಿದ್ದವರಿಗೆ ಫ್ರಿಜ್ಜಿನ ಎತ್ತರ ಕಾಣುವುದಿಲ್ಲ. ಒಂದು ಪ್ರತಿ ಮುಂಬಾಗಿಲ ಹಿಂದೆ, ಇನ್ನೊಂದು ಮಲಗುವ ಕೋಣೆಯಲ್ಲಿ ಮಂಚದ ಬದಿಗೆ, ನೆಲದಿಂದ ಎರಡಡಿ ಎತ್ತರದಲ್ಲಿ. ಅಂಟಿಸಿದ ಮೇಲೆ ಅವರ ಕೈಯಲ್ಲೇ ಒಮ್ಮೆ ಫೋನ್ ಮಾಡಿಸಿ ನೋಡಿ. ಕೀಪ್ಯಾಡ್ ಫೋನಾದರೆ 2ನೇ ಅಂಕಿ ಒತ್ತಿ ಹಿಡಿದರೆ ಸ್ವಯಂಸೇವಕರಿಗೆ ಹೋಗುವಂತೆ ಮಾಡಿಕೊಡಿ.

ಬೀಗದ ಕೈಯ ವಿಷಯ ಕೇಳಲು ಎಲ್ಲರಿಗೂ ಸಂಕೋಚ. ಒಳಗಿಂದ ಚಿಲಕ ಹಾಕಿ ಬಿದ್ದರೆ ಬಾಗಿಲು ಒಡೆಯಲು ಬಡಗಿಯನ್ನು ಹುಡುಕುವುದರಲ್ಲೇ ಗಂಟೆ ಹೋಗುತ್ತದೆ. ಇನ್ನೊಂದು ಕೀ ಯಾರ ಬಳಿ ಇರಬೇಕೆಂದು ಹಿರಿಯರೇ ಹೇಳಲಿ. ಅದು ಸ್ವಯಂಸೇವಕರ ಬಳಿ ಇರಬಾರದು. ರಾತ್ರಿ ಚಿಲಕದ ಬದಲು ಕೀಯಿಂದ ತೆರೆಯುವ ಬೀಗ ಬಳಸಲು ಒಪ್ಪಿಸಿ. ನಾಯಿಯ ಹೆಸರನ್ನೂ ರಿಜಿಸ್ಟರಿನಲ್ಲಿ ಬರೆದಿಡಿ. ನಗಬೇಡಿ, ಆಂಬುಲೆನ್ಸಿನವರು ಅಂಗಳದಲ್ಲಿ ನಿಂತುಬಿಡುವುದು ಇದೇ ಕಾರಣಕ್ಕೆ.

ವಾರಕ್ಕೊಂದು ಭೇಟಿ, ಎರಡು ಫೋನ್. ಒಬ್ಬರಿಗೆ ಐದು ಮನೆ, ಮನೆಗೆ ಅರ್ಧ ಗಂಟೆ, ವಾರಕ್ಕೆ ಎರಡೂವರೆ ಗಂಟೆಯ ಕೆಲಸ. ಇದಕ್ಕಿಂತ ಹೆಚ್ಚು ಹೇರಿದರೆ ಮೂರನೆಯ ತಿಂಗಳು ‘ಹೋಗಿದ್ದೆ’ ಎಂಬ ಸುಳ್ಳು ರಿಜಿಸ್ಟರಿಗೆ ಬರುತ್ತದೆ. ಭೇಟಿಯಲ್ಲಿ ನೋಡುವುದು: ಮಾತ್ರೆ ಎಷ್ಟು ದಿನಕ್ಕಿದೆ (ಏಳಕ್ಕಿಂತ ಕಡಿಮೆ ಇದ್ದರೆ ಅಂದೇ ತಿಳಿಸಬೇಕು), ಬಚ್ಚಲಲ್ಲಿ ಪಾಚಿ ಕಟ್ಟಿದೆಯೇ, ಗ್ಯಾಸ್ ಇದೆಯೇ, ನಿನ್ನೆ ಏನು ಊಟ ಮಾಡಿದರು. ಮಳೆಗಾಲದಲ್ಲಿ ಅಂಗಳದ ಪಾಚಿಗೆ ಅಡಕೆಯ ಸೋಗೆ ಹಾಸುವ ಹಳೆಯ ಕ್ರಮವನ್ನು ನೆನಪಿಸಿ, ಸೋಗೆ ಎಳೆದು ಕೊಡಿ.

ರಕ್ತದೊತ್ತಡ ಅಳೆಯುವವರು ಚಿಕಿತ್ಸೆ ಹೇಳಬಾರದು. 180/120 ದಾಟಿದರೆ ಐದು ನಿಮಿಷ ಕೂರಿಸಿ ಮತ್ತೆ ಅಳೆದು, ಆಗಲೂ ಅಷ್ಟೇ ಇದ್ದರೆ ಆರೋಗ್ಯ ಕೇಂದ್ರಕ್ಕೆ ಫೋನ್. ಎದೆನೋವು, ಉಸಿರುಕಟ್ಟು, ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು ಕಂಡರೆ ಅಳೆಯುತ್ತ ಕೂರದೆ ನೇರ 108. ಪಾರ್ಶ್ವವಾಯುವಿನಲ್ಲಿ ರಕ್ತದ ಹೆಪ್ಪು ಕರಗಿಸುವ ಮದ್ದಿಗೆ ನಾಲ್ಕೂವರೆ ಗಂಟೆಯ ಗಡುವಿದೆ. ಕಡೆಯ ಸಲ ಸರಿಯಾಗಿ ಮಾತಾಡಿದ್ದು ಎಷ್ಟು ಗಂಟೆಗೆ ಎಂದು ಬರೆದು ಆಸ್ಪತ್ರೆಗೆ ಕಳಿಸಿ. ಬಿದ್ದವರನ್ನು ಎಳೆದು ಎಬ್ಬಿಸಬಾರದು ಎಂಬುದನ್ನು ತರಬೇತಿಯಲ್ಲಿ ಮಾಡಿಸಿಯೇ ಕಲಿಸಿ, ಹೇಳಿದರೆ ಮರೆಯುತ್ತಾರೆ.

ಆಸ್ತಿಯ ಹತ್ತಿರ ಸುಳಿಯಬೇಡಿ

ಸಹಭಾಗಿತ್ವವನ್ನು ಒಂದೇ ದಿನದಲ್ಲಿ ಮುಗಿಸಬಲ್ಲ ವಿಷಯ ಇದು. ಸ್ವಯಂಸೇವಕರು, ಸಿಬ್ಬಂದಿ, ಪದಾಧಿಕಾರಿಗಳು ಯಾರೂ ಉಯಿಲಿಗೆ ಸಾಕ್ಷಿ ಹಾಕಬಾರದು, ಎಟಿಎಂ ಕಾರ್ಡ್ ಮುಟ್ಟಬಾರದು, ಚಿನ್ನ ಇಟ್ಟುಕೊಳ್ಳಬಾರದು, ನೂರು ರೂಪಾಯಿಯ ಉಡುಗೊರೆಯನ್ನೂ ರಿಜಿಸ್ಟರಿನಲ್ಲಿ ಬರೆಯದೆ ಪಡೆಯಬಾರದು. ಹಪ್ಪಳ, ಮಾವಿನ ಮಿಡಿ ಕೊಟ್ಟರೆ ಬೇಡ ಎನ್ನಬೇಡಿ, ಅದು ಬೇರೆ.

ಮಕ್ಕಳಿಂದ ನಿರ್ಲಕ್ಷ್ಯ, ಮನೆ ಬರೆಸಿಕೊಂಡು ಹೊರಹಾಕಿದ ದೂರು ಬಂದರೆ ಪಂಚಾಯ್ತಿ ಮಾಡಲು ಕೂರಬೇಡಿ. 2007ರ ಹಿರಿಯ ನಾಗರಿಕರ ಕಾಯ್ದೆಯಡಿ ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯಲ್ಲಿ ನ್ಯಾಯಮಂಡಳಿ ಇದೆ. ಉಡುಪಿ ಜಿಲ್ಲೆಯವರಿಗೆ ಕುಂದಾಪುರ, ದಕ್ಷಿಣ ಕನ್ನಡದವರಿಗೆ ಮಂಗಳೂರು ಅಥವಾ ಪುತ್ತೂರು ಉಪವಿಭಾಗ. ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ದಾನಪತ್ರವನ್ನು ಷರತ್ತು ಮುರಿದರೆ ರದ್ದುಪಡಿಸುವ ಅವಕಾಶ 23ನೇ ಕಲಮಿನಲ್ಲಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಒಬ್ಬ ಅರೆಕಾನೂನು ಸ್ವಯಂಸೇವಕರನ್ನು ಮೊದಲೇ ಪಾಲುದಾರರ ಪಟ್ಟಿಗೆ ಸೇರಿಸಿಕೊಂಡಿದ್ದರೆ ದೂರನ್ನು ಅವರಿಗೆ ದಾಟಿಸಿ ನೀವು ಭೇಟಿಗಷ್ಟೇ ಉಳಿಯಬಹುದು.

ಮಾಹಿತಿಯ ವಿಷಯದಲ್ಲೂ ಇದೇ ಕಟ್ಟು. ಒಂಟಿ ಹಿರಿಯರ ಪಟ್ಟಿ ಕಳ್ಳನ ಕೈಗೆ ಸಿಕ್ಕರೆ ಅದು ಕಳ್ಳತನದ ನಕ್ಷೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೆಸರು-ವಿಳಾಸ ಹಾಕಬೇಡಿ, ಮನೆಗೆ ಸಂಖ್ಯೆ ಕೊಟ್ಟು ‘ಮೂರನೇ ವಾರ್ಡು, ಏಳು’ ಎಂದು ಬರೆಯಿರಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಆದರೆ ಸಹಿಗೆ ಮೊದಲು ತುಳು, ಕೊಂಕಣಿ ಅಥವಾ ಬ್ಯಾರಿಯಲ್ಲಿ ಓದಿ ಹೇಳಿ. ಪೂರ್ತಿ ಪಟ್ಟಿ ಸಂಯೋಜಕರ ಬಳಿ ಒಂದು, ಠಾಣೆಯ ಬೀಟ್ ಸಿಬ್ಬಂದಿಯ ಬಳಿ ಒಂದು, ಮೂರನೆಯದು ಬೇಡ.

ತಿಂಗಳ ಮೊದಲ ಶನಿವಾರ

45 ನಿಮಿಷದ ಸಭೆ, ಸಂಜೆ ನಾಲ್ಕಕ್ಕೆ, ಚಹಾ ಕೊನೆಯಲ್ಲಿ. ಮೊದಲೇ ಕೊಟ್ಟರೆ ಅರ್ಧ ಸಭೆ ಹರಟೆಗೆ ಹೋಗುತ್ತದೆ. ನಾಲ್ಕು ಅಂಕಿ ಮಾತ್ರ ಹಲಗೆಯ ಮೇಲೆ: ಆಗಬೇಕಿದ್ದ ಭೇಟಿ ಎಷ್ಟು, ಆದದ್ದೆಷ್ಟು, ಮಾತ್ರೆ ತಪ್ಪಿದ ಮನೆ ಎಷ್ಟು, ಬಿದ್ದದ್ದು ಅಥವಾ ತುರ್ತು ಕರೆ ಎಷ್ಟು. ತುರ್ತು ಕರೆ ಬಂದಿದ್ದರೆ ಗಂಟೆ-ನಿಮಿಷ ಹಿಡಿದು ನೋಡಿ: ಯಾರಿಗೆ ಮೊದಲು ಗೊತ್ತಾಯಿತು, ಯಾರು ಯಾರಿಗೆ ಫೋನ್ ಮಾಡಿದರು, ಎಲ್ಲಿ ತಡವಾಯಿತು. ತಪ್ಪು ಯಾರದ್ದು ಎಂದು ಕೇಳಿದ ದಿನದಿಂದ ಜನ ನಿಜ ಹೇಳುವುದನ್ನು ನಿಲ್ಲಿಸುತ್ತಾರೆ. ಕೊಂಡಿ ಎಲ್ಲಿ ಕಳಚಿತು ಎಂದು ಕೇಳಿ.

ಎರಡು ತಿಂಗಳು ಸತತ ಬಾರದ ಪಾಲುದಾರರ ಮನೆಗೆ ಸಂಯೋಜಕರು ಹೋಗಿ ಕಾರಣ ತಿಳಿಯಲಿ. ಬಹುಪಾಲು ಕಾರಣ ಸಣ್ಣದು: ಪತ್ರಿಕೆಯಲ್ಲಿ ಬಂದ ಫೋಟೊದಲ್ಲಿ ಅವರಿರಲಿಲ್ಲ, ಅಥವಾ ಸಭೆಯ ದಿನ ಬದಲಾದದ್ದನ್ನು ಯಾರೂ ಹೇಳಲಿಲ್ಲ.

ಮಂಗಳೂರಿನ ಫ್ಲ್ಯಾಟುಗಳಲ್ಲಿ

ಪಾಲಿಕೆಯ 60 ವಾರ್ಡುಗಳಲ್ಲಿ ಇದೇ ಮಾದರಿ ನಡೆಯುವುದಿಲ್ಲ. ಕದ್ರಿ, ಬಿಜೈ, ಬೆಂದೂರಿನ ಎಂಟನೇ ಮಹಡಿಗೆ ಮೀನಿನ ಹೆಂಗಸು ಹೋಗುವುದಿಲ್ಲ. ಅಲ್ಲಿ ನಿಮ್ಮ ಪಿಗ್ಮಿಯವನು ಕಾವಲುಗಾರ, ಮನೆಗೆಲಸದವಳು, ಕೆಳಗಿನ ಮೆಡಿಕಲ್ ಶಾಪಿನ ಹುಡುಗ. ಪಂಚಾಯತ್ ನಿರ್ಣಯದ ಜಾಗದಲ್ಲಿ ಅಪಾರ್ಟ್‌ಮೆಂಟ್ ಸಂಘದ ನಿರ್ಣಯ ಬೇಕು. ಬೆಳಿಗ್ಗೆ ಹತ್ತರ ತನಕ ಹಾಲಿನ ಪ್ಯಾಕೆಟ್, ಪೇಪರ್ ಬಾಗಿಲಲ್ಲೇ ಇದ್ದರೆ ಕಾವಲುಗಾರ ಇಂಟರ್‌ಕಾಮ್ ಮಾಡಬೇಕು, ಎರಡು ಸಲ ಎತ್ತದಿದ್ದರೆ ಕಾರ್ಯದರ್ಶಿಗೆ ಹೇಳಬೇಕು. ಕಾವಲುಗಾರ ಹೊರರಾಜ್ಯದವನಾಗಿ ಭಾಷೆ ಬಾರದಿದ್ದರೆ ಈ ಎರಡು ಸಾಲನ್ನು ಅವನ ಭಾಷೆಯಲ್ಲೇ ಬರೆದು ಅವನ ಕೋಣೆಯಲ್ಲಿ ಅಂಟಿಸಿ. ಕಾವಲು ಏಜೆನ್ಸಿ ಬದಲಾದ ದಿನ ಈ ಪಾಠ ಮತ್ತೆ ಮೊದಲಿಂದ.

ಕೈಬಿಡುವ ದಿನಾಂಕ

ಸಂಯೋಜಕರ ಕೆಲಸವನ್ನು 18 ತಿಂಗಳಲ್ಲಿ ಊರಿಗೆ ಒಪ್ಪಿಸುವುದಾಗಿ ಒಡಂಬಡಿಕೆಯಲ್ಲೇ ಬರೆಯಿರಿ. ಒಪ್ಪಿಸಲು ಸೂಕ್ತವಾದದ್ದು ಪಂಚಾಯತ್ ಮಟ್ಟದ ಸಂಜೀವಿನಿ ಒಕ್ಕೂಟ (ಮಹಿಳಾ ಸ್ವಸಹಾಯ ಸಂಘಗಳ ಕೂಟ). ಅದಕ್ಕೆ ಬ್ಯಾಂಕ್ ಖಾತೆ ಇದೆ, ಲೆಕ್ಕ ಇಡುವ ಅಭ್ಯಾಸ ಇದೆ, ಸದಸ್ಯರು ಅದೇ ಓಣಿಯವರು. ಹನ್ನೆರಡನೇ ತಿಂಗಳಿಂದ ಒಕ್ಕೂಟದ ಇಬ್ಬರನ್ನು ಸಂಯೋಜಕರ ಜೊತೆ ಓಡಾಡಿಸಿ. ಹದಿನೈದರಲ್ಲಿ ರಿಜಿಸ್ಟರ್ ಅವರು ಬರೆಯಲಿ, ಸಂಯೋಜಕರು ನೋಡಲಿ. ಹದಿನೆಂಟರಲ್ಲಿ 60 ಮನೆಗಳ ಎರಡೆರಡು ಚೀಟಿಗಳನ್ನು ಹೊಸ ನಂಬರಿನೊಂದಿಗೆ ಬದಲಿಸಿ. ಹಳೆಯ ನಂಬರನ್ನು ಮಾತ್ರ ಕೂಡಲೇ ರದ್ದು ಮಾಡಬೇಡಿ. ಇನ್ನೊಂದು ಮಳೆಗಾಲ ಮುಗಿಯುವವರೆಗೆ ಆ ಸಿಮ್ ಜೀವಂತ ಇರಲಿ, ಏಕೆಂದರೆ ಅಜ್ಜಿಗೆ ಬಾಯಿಪಾಠವಾಗಿರುವುದು ಆ ನಂಬರೇ.